‘ನಾನೇ ಹೇಳ್ತೀನಿ’ ಎಂಬ ಬಟನ್

ಸೆಟ್ಟಿಂಗ್ ಅಕ್ಕನಿಗೆ ಆ ಹೆಸರು ಇಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಆಫೀಸಿಗೆ ಸೇರಿದ ಮೂರನೆಯ ವರ್ಷ ಅಂಟಿಕೊಂಡ ಹೆಸರು ಇಪ್ಪತ್ತಮೂರನೆಯ ವರ್ಷಕ್ಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಅವಳ ನಿಜವಾದ ಹೆಸರಿಗೆ ಬಂದ ಅಂಚೆಯನ್ನು ಕಾವಲುಗಾರ “ಈ ಹೆಸರಿನೋರು ಇಲ್ಲಿ ಯಾರೂ ಇಲ್ಲ” ಎಂದು ಎರಡು ಸಲ ವಾಪಸು ಕಳಿಸಿದ್ದ. ಅಕ್ಕ ಬೇಸರ ಮಾಡಿಕೊಳ್ಳಲಿಲ್ಲ. ಅವಳ ನಿಜವಾದ ಹೆಸರು ಹಿಡಿದು ಹುಡುಕಿಕೊಂಡು ಬರುತ್ತಿದ್ದವರೆಲ್ಲ ವಿಮೆ ಮಾಡಿಸುವವರೇ.

ಆಫೀಸು ಇದ್ದದ್ದು ಟೈರ್ ಅಂಗಡಿಯೊಂದರ ಮೇಲಿನ ಮೂರನೆಯ ಮಹಡಿಯಲ್ಲಿ. ಕಿಟಕಿ ತೆರೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಸಹೋದ್ಯೋಗಿಗಳ ವಾಸನೆ. ಎರಡರಲ್ಲಿ ರಬ್ಬರೇ ವಾಸಿ ಎಂದು ಅಕ್ಕ ಕಿಟಕಿಯ ಪಕ್ಕದಲ್ಲೇ ಕೂರುತ್ತಿದ್ದಳು. ಅಲ್ಲಿ ತಯಾರಾಗುತ್ತಿದ್ದುದು ಒಂದು ಆಪರೇಟಿಂಗ್ ಸಿಸ್ಟಮ್. ಕಂಪ್ಯೂಟರಿನ ಸ್ವಿಚ್ ಹಾಕಿದೊಡನೆ ಎಲ್ಲರಿಗಿಂತ ಮೊದಲು ಎದ್ದು, ಪರದೆ, ಕೀಲಿಮಣೆ, ಪ್ರಿಂಟರ್ ಎಲ್ಲವನ್ನೂ ಕರೆದು ಕೆಲಸಕ್ಕೆ ಹಚ್ಚುವ ಮೇಸ್ತ್ರಿ ಎಂದರೆ ಅದು. ದೊಡ್ಡ ಕಂಪನಿಗಳ ಮೇಸ್ತ್ರಿಯನ್ನು ಸಾಕಲಾರದ ಸಣ್ಣ ಕ್ಲಿನಿಕ್ಕು, ರಕ್ತ ಪರೀಕ್ಷೆಯ ಲ್ಯಾಬು, ವಾಚನಾಲಯಗಳು ಇವರ ಗಿರಾಕಿಗಳು. ಅವರ ಬಳಿ ಇರುವ ಯಂತ್ರಗಳೆಲ್ಲ ಓಬೀರಾಯನ ಕಾಲದವು. ಹೆಬ್ಬೆರಳಷ್ಟು ದಪ್ಪದ ಕೇಬಲ್ಲು, ಅದರ ತುದಿಗೆ ಒಂಬತ್ತು ಸೂಜಿಗಳು, ಅದರಲ್ಲಿ ಒಂದೆರಡು ಯಾವಾಗಲೂ ಸೊಟ್ಟಗೆ.

ಇಂಥ ಯಂತ್ರವನ್ನು ಸಿಕ್ಕಿಸಿದಾಗ ಮೇಸ್ತ್ರಿ ಒಮ್ಮೆ ಮೂಸಿ ನೋಡಿ ಇದು ಇಂಥದ್ದು ಎಂದು ತಾನೇ ತೀರ್ಮಾನಿಸುತ್ತದೆ. ಬಹಳ ಸಲ ಸರಿಯಾಗಿಯೇ ತೀರ್ಮಾನಿಸುತ್ತದೆ. ತಪ್ಪಿದಾಗ ಮಾತ್ರ, ತಪ್ಪಿದೆನೆಂದು ಅದಕ್ಕೆ ಗೊತ್ತಿರುವುದಿಲ್ಲ. ಆ ವಿಷಯದಲ್ಲಿ ಅದು ಬಹಳ ಮಂದಿ ಮನುಷ್ಯರನ್ನು ಹೋಲುತ್ತದೆ. ಮುಖ್ಯವಾಗಿ ಅದಕ್ಕೆ ಒಂದು ಚಾಳಿ. ಆ ದಪ್ಪ ಕೇಬಲ್ಲಿನ ತುದಿಯಿಂದ ಯಾರಾದರೂ ತಾವಾಗಿ ಎರಡು ಸದ್ದು ಮಾಡಿದರೆ ಸಾಕು, “ಇದು ಮೌಸ್” ಎಂದುಬಿಡುತ್ತದೆ. ರಕ್ತ ಅಳೆಯುವ ಯಂತ್ರ ಬಂದರೂ ಮೌಸ್, ತಕ್ಕಡಿ ಬಂದರೂ ಮೌಸ್. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಆಮೇಲೆ ಆ ಯಂತ್ರ ಒಂದೊಂದು ಅಂಕಿ ಕಳಿಸಿದಾಗಲೂ ಪರದೆಯ ಮೇಲಿನ ಬಾಣದ ಗುರುತು ಹುಚ್ಚು ಹಿಡಿದಂತೆ ಕುಣಿಯುತ್ತ, ಸಿಕ್ಕಸಿಕ್ಕದ್ದನ್ನೆಲ್ಲ ಒತ್ತುತ್ತ ಹೋಗುತ್ತದೆ.

ಅದಕ್ಕೆ ಮದ್ದಾಗಿ ಅಕ್ಕ ಬರೆದು, ಇಪ್ಪತ್ತು ವರ್ಷ ಸಾಕಿಕೊಂಡು ಬಂದದ್ದು ಒಂದೇ ಒಂದು ಸೆಟ್ಟಿಂಗ್ ಪುಟ. ಕಂಪ್ಯೂಟರಿಗೆ ಸಿಕ್ಕಿಸಿದ ವಸ್ತುಗಳ ಪಟ್ಟಿ ಅದರಲ್ಲಿರುತ್ತದೆ. ಪ್ರತಿಯೊಂದರ ಎದುರಿಗೆ ಮೇಸ್ತ್ರಿ ಅದನ್ನು ಏನೆಂದು ತಿಳಿದುಕೊಂಡಿದೆ ಎಂದು ಬರೆದಿರುತ್ತದೆ, ಪಕ್ಕದಲ್ಲಿ ಒಂದು ಬಟನ್. ಒತ್ತಿದರೆ, ಇದು ಮೌಸೋ, ಕೀಲಿಮಣೆಯೋ, ಬೇರೆ ಯಂತ್ರವೋ ಎಂದು ಮನುಷ್ಯ ಆರಿಸಿ ಹೇಳಬಹುದು. ಬೇರೆ ಕಂಪನಿಗಳು ಇಂಥದ್ದಕ್ಕೆ ‘ಸುಧಾರಿತ ಆಯ್ಕೆಗಳು’ ಎಂದು ಹೆಸರಿಟ್ಟು, ಮುಟ್ಟಿದರೆ ಎಲ್ಲ ಹಾಳಾದೀತು ಎಂಬ ಎಚ್ಚರಿಕೆಯನ್ನೂ ಹಚ್ಚಿ, ಜನ ಅತ್ತ ಸುಳಿಯದಂತೆ ನೋಡಿಕೊಳ್ಳುತ್ತಿದ್ದವು. ಅಕ್ಕ ಬಟನ್ನಿನ ಮೇಲೆ ‘ನಾನೇ ಹೇಳ್ತೀನಿ’ ಎಂದಷ್ಟೇ ಬರೆದಿದ್ದಳು.

ಅವಳಿಗೆ ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ “ತಾನೇ ತಾನಾಗಿ ಆಗುತ್ತೆ ಅಂತ ಕಾದೆ, ಆಗ್ಲಿಲ್ಲ” ಎನ್ನುತ್ತಿದ್ದಳು. ಇದ್ದದ್ದು ಅಣ್ಣ ಅತ್ತಿಗೆಯರ ಜೊತೆಗೆ, ಮೂರು ಕೋಣೆಯ ಮನೆಯಲ್ಲಿ.

ಅಣ್ಣ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವನು. ಮೂವತ್ತು ವರ್ಷ ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆದವನಿಗೆ ಬಾಯಿ ಎಷ್ಟು ಹರಿತವಿರಬೇಡ? ಆ ಬಾಯಿಗೆ ಎಂಟು ವರ್ಷದ ಹಿಂದೆ ಪಾರ್ಶ್ವವಾಯು ಬೀಗ ಹಾಕಿತು. ಮಾತು ಹೋಯಿತು, ಎರಡೂ ಕೈ ಹೋದವು. ಉಳಿದದ್ದು ಎಡಗಾಲು ಮತ್ತು ತಪ್ಪು ಹುಡುಕುವ ಬುದ್ಧಿ. ಅಕ್ಕ ಗುಜರಿಯಿಂದ ಹೊಲಿಗೆ ಯಂತ್ರದ ಪೆಡಲ್ ಒಂದನ್ನು ತಂದು, ಅದಕ್ಕೊಂದು ಡಬ್ಬಿ ಕೂಡಿಸಿ, ದಪ್ಪ ಕೇಬಲ್ಲಿನಿಂದ ಕಂಪ್ಯೂಟರಿಗೆ ಸಿಕ್ಕಿಸಿದಳು. ಪರದೆಯ ಮೇಲೆ ಅಕ್ಷರಗಳು ಒಂದಾದ ಮೇಲೊಂದು ಬೆಳಗುತ್ತ ಹೋಗುತ್ತವೆ. ಬೇಕಾದ ಅಕ್ಷರ ಬೆಳಗಿದಾಗ ಅಣ್ಣ ಪೆಡಲ್ ಒತ್ತುತ್ತಾನೆ. ಸಾಲು ಮುಗಿದಾಗ ಕಂಪ್ಯೂಟರ್ ಅದನ್ನು ಗಟ್ಟಿಯಾಗಿ ಓದುತ್ತದೆ. ಒಂದೊಂದು ಒತ್ತಕ್ಷರಕ್ಕೂ ಮೂರು ಸಲ ತುಳಿಯಬೇಕಾದ್ದರಿಂದ ‘ದಯವಿಟ್ಟು’, ‘ಧನ್ಯವಾದ’ಗಳನ್ನು ಅಣ್ಣ ಮೊದಲ ವಾರವೇ ಕೈಬಿಟ್ಟ. ಮೊದಲೂ ಅವುಗಳನ್ನು ಬಳಸುತ್ತಿದ್ದವನಲ್ಲ, ಈಗ ನೆಪ ಸಿಕ್ಕಿತ್ತು. ಅವನ ಹೊಸ ದನಿಯ ಮೊದಲ ಮಾತು, “ಸಾರು ಸಪ್ಪೆ.” ಅತ್ತಿಗೆ ಆ ದಿನ ಅತ್ತ ಹಾಗೆ ಮದುವೆಯಾಗಿ ಬಂದ ದಿನವೂ ಅತ್ತಿರಲಿಲ್ಲ.

ಪೆಡಲನ್ನೂ ಮೇಸ್ತ್ರಿ ಮೌಸ್ ಎಂದೇ ತಿಳಿಯುತ್ತಿತ್ತೆಂದು ಬೇರೆ ಹೇಳಬೇಕಿಲ್ಲ. ಹೊಸ ಆವೃತ್ತಿ ಬಂದಾಗಲೆಲ್ಲ, ಕಂಪ್ಯೂಟರಿಗೆ ಏನಾದರೂ ಆಗಿ ಮೊದಲಿನಿಂದ ಶುರುವಾದಾಗಲೆಲ್ಲ, ಅಕ್ಕ ತನ್ನ ಪುಟ ತೆರೆದು ಇದು ಮೌಸ್ ಅಲ್ಲ, ಕೀಲಿಮಣೆ ಎಂದು ಹೇಳುತ್ತಿದ್ದಳು. ಅರ್ಧ ನಿಮಿಷದ ಕೆಲಸವೆಂದು ಬೇರೆ ಯಾರಿಗೂ ಕಲಿಸಿರಲಿಲ್ಲ.

ಕಳೆದ ವರ್ಷ ಅವಳಿಗೆ ಎದೆ ನೋವು ಬಂದು ಆಸ್ಪತ್ರೆ ಸೇರಿದಳು. ಅದೇ ವಾರ ಮನೆಯಲ್ಲಿ ವಿದ್ಯುತ್ತು ಹೋಗಿ ಬಂದು, ಕಂಪ್ಯೂಟರ್ ಎಲ್ಲ ಮರೆತು, ಪೆಡಲನ್ನು ಮತ್ತೆ ಮೌಸ್ ಮಾಡಿಕೊಂಡಿತು. ಅತ್ತಿಗೆ ಗಾಬರಿಯಲ್ಲಿ ಅವಳಿಗೆ ಹೇಳಲಿಲ್ಲ. ಎದೆ ನೋವಿನವಳಿಗೆ ಇದೊಂದು ಬೇರೆ ಯಾಕೆ ಎಂದುಕೊಂಡರು. ಅಣ್ಣ ಹನ್ನೊಂದು ದಿನ ಮೂಕನಾಗಿ ಕೂತಿದ್ದ. ತಂಗಿ ಹೇಗಿದ್ದಾಳೆಂದು ಕೇಳುವುದಕ್ಕೂ ಅವನಿಗೆ ಆಗಲಿಲ್ಲ. ಮನೆಗೆ ಬಂದ ಅಕ್ಕ ಅದನ್ನು ಕಂಡು, ಔಷಧಿಯ ಚೀಲ ಇನ್ನೂ ಕೈಯಲ್ಲಿರುವಾಗಲೇ ಅತ್ತಿಗೆಯನ್ನು ಕುರ್ಚಿಯಲ್ಲಿ ಕೂರಿಸಿ ಪುಟ ತೆರೆಯುವುದನ್ನು ಕಲಿಸಿದಳು. ಅತ್ತಿಗೆ ಅದುವರೆಗೆ ಕಂಪ್ಯೂಟರನ್ನು ಒರೆಸಿದ್ದರೇ ಹೊರತು ಮುಟ್ಟಿರಲಿಲ್ಲ. ಹತ್ತು ಸಲ ತಪ್ಪಿದರು, ಹನ್ನೊಂದನೆಯ ಸಲ ಕಲಿತರು. ಆ ಮೇಲೆ ಅಕ್ಕ ಆ ಪುಟವನ್ನು ನೋಡಿಕೊಳ್ಳುತ್ತಿದ್ದ ಬಗೆಯೇ ಬೇರೆ. ತಾನು ಇಲ್ಲದ ಮನೆಯಲ್ಲಿ ಅಣ್ಣನ ಬಾಯಿ ಆ ಪುಟದ ಮೇಲೆ ನಿಂತಿದೆ ಎಂಬುದು ಅವಳಿಗೆ ಗೊತ್ತಾಗಿತ್ತು.

ಹೀಗಿರುವಾಗ ಆಫೀಸಿಗೆ ಹೊಸ ಮುಖ್ಯಸ್ಥರು ಬಂದರು. ವಯಸ್ಸು ಮೂವತ್ತನಾಲ್ಕು, ಹಲ್ಲು ಬಹಳ ಚೆನ್ನಾಗಿತ್ತು. ಯಾವ ಪ್ರಶ್ನೆಗೂ ಅವರ ಬಳಿ ಒಂದೇ ಉತ್ತರ: “ಅದು ತಾನೇ ತಾನಾಗಿ ಆಗಬೇಕು.” ಒಂದು ತಿಂಗಳಾಗುವುದರೊಳಗೆ ಆಫೀಸು ಅವರಿಗೆ ‘ತಾನೇತಾನು’ ಎಂದು ನಾಮಕರಣ ಮಾಡಿತ್ತು. ತಾನೇತಾನು ಸಾಹೇಬರು ದೀಪ ತಾನೇ ಹತ್ತುವ, ನೀರು ತಾನೇ ಬರುವ, ಬಾಗಿಲು ತಾನೇ ತೆರೆಯುವ ವ್ಯವಸ್ಥೆ ಮಾಡಿಸಿದರು. ಅಲುಗಾಡದೆ ಕೂತು ಕೆಲಸ ಮಾಡುವವರ ಮೇಲೆ ದೀಪ ಆರಿಹೋಗುತ್ತಿತ್ತು. ಹಾಗಾಗಿ ಇಡೀ ಆಫೀಸು ಐದು ನಿಮಿಷಕ್ಕೊಮ್ಮೆ ಕೈ ಎತ್ತಿ ಆಡಿಸುತ್ತಿತ್ತು. ಇದನ್ನು ಕಂಡು ಸಾಹೇಬರು, ಜನರಲ್ಲಿ ಹೊಸ ಚೈತನ್ಯ ಬಂದಿದೆ ಎಂದು ಮೇಲಿನವರಿಗೆ ವರದಿ ಬರೆದರು.

ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಎನ್ನುತ್ತಾರೆ. ಆಫೀಸಿನಲ್ಲಿ ಕೆತ್ತುವುದಕ್ಕೆ ಬೇರೆ ಏನೂ ಉಳಿಯದೆ ಸಾಹೇಬರ ಉಳಿ ಅಕ್ಕನ ಪುಟದ ಮೇಲೆ ಬಂತು. ಒಂಬತ್ತನೆಯ ಆವೃತ್ತಿಗೆ ಅವರು ಇಟ್ಟ ಘೋಷವಾಕ್ಯ ‘ನೀವು ಸುಮ್ಮನಿರಿ’. ಮನುಷ್ಯ ಸುಮ್ಮನಿರಬೇಕಾದರೆ ಮನುಷ್ಯ ಹೇಳುವ ಪುಟ ಯಾಕೆ ಎಂಬುದು ಅವರ ವಾದ.

ಸಭೆ ಗಾಜಿನ ಕೋಣೆಯಲ್ಲಿ ನಡೆಯಿತು. ಸಾಹೇಬರನ್ನು ಬಿಟ್ಟು ಮೇಜಿನ ಸುತ್ತ ಎಂಟು ಜನ, ಅದರಲ್ಲಿ ಏಳು ಜನ ತಲೆಯಾಡಿಸುವುದಕ್ಕೆ.

“ನೂರಕ್ಕೆ ತೊಂಬತ್ತೆಂಟು ಕಡೆ ಅದು ಸರಿಯಾಗೇ ಗುರುತಿಸುತ್ತೆ ಮೇಡಂ,” ಎಂದರು ಸಾಹೇಬರು. “ಇನ್ನೆರಡು ಕಡೆಗೋಸ್ಕರ ಒಂದು ಪುಟಾನ ಹೊತ್ಕೊಂಡು ತಿರುಗೋಕಾಗುತ್ತಾ?”

“ಆ ತೊಂಬತ್ತೆಂಟು ಕಡೆ ಅದು ತನ್ನ ಪಾಡಿಗೆ ಗುರುತಿಸ್ಲಿ ಸರ್, ನಾನು ಬೇಡ ಅಂದ್ನಾ? ಎರಡೂ ಇರ್ಲಿ ಅಂತಿದೀನಿ. ಪುಟ ಮೂಲೇಲಿ ಬಿದ್ದಿರುತ್ತೆ, ಬೇಕಾದೋರು ತೆಗೀತಾರೆ.”

“ತಪ್ಪಾದ್ರೆ ಸಹಾಯವಾಣಿ ಇದೆಯಲ್ಲ. ಫೋನ್ ಮಾಡಿ ಹೇಳ್ಲಿ.”

“ಫೋನ್ ಮಾಡಿ ಹೇಳೋಕೆ ಬಾಯಿ ಬರಬೇಕಲ್ಲ ಸರ್.”

ಸಾಹೇಬರಿಗೆ ಅರ್ಥವಾಗಲಿಲ್ಲ. ಅಕ್ಕ ಬಿಡಿಸಿ ಹೇಳಲೂ ಇಲ್ಲ. ಅಣ್ಣನ ಕಷ್ಟವನ್ನು ಮೇಜಿನ ಮೇಲೆ ಹರವಿ ಪುಟ ಉಳಿಸಿಕೊಳ್ಳುವುದು ಅವಳಿಗೆ ಬೇಡವಾಗಿತ್ತು. ಆದರೆ ಪಕ್ಕದಲ್ಲಿದ್ದ ಲೆಕ್ಕಾಧಿಕಾರಿಗೆ ಬಾಯಿ ತುರಿಸುತ್ತಿತ್ತು. ಪಾಪ, ಮೇಡಂ ಅಣ್ಣನಿಗೆ ಮಾತು ಬರುವುದಿಲ್ಲವೆಂದೂ, ಕಾಲಿನಲ್ಲಿ ಒತ್ತಿ ಒತ್ತಿ ನಮ್ಮ ಸಿಸ್ಟಮ್ಮಿನಲ್ಲೇ ಮಾತಾಡುತ್ತಾರೆಂದೂ ಅವರು ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಸಾಹೇಬರ ಕಣ್ಣು ಅಗಲವಾದವು. ಪುಟದ ಮಹತ್ವ ಅವರಿಗೆ ಹೊಳೆಯಿತೇನೋ ಎಂದು ಅಕ್ಕ ಒಂದು ಗಳಿಗೆ ಆಸೆಪಟ್ಟಳು.

“ಮೇಡಂ, ಇದನ್ನ ಇಷ್ಟು ದಿನ ಯಾಕೆ ಮುಚ್ಚಿಟ್ರಿ?” ಎಂದರು ಸಾಹೇಬರು. “ಬಿಡುಗಡೆ ಸಮಾರಂಭದಲ್ಲಿ ನಿಮ್ಮಣ್ಣ ವೇದಿಕೆ ಮೇಲೆ ಬರಬೇಕು. ಪೆಡಲ್ ಸಿಕ್ಕಿಸ್ತೀವಿ, ಅದು ತಾನೇ ಗುರುತಿಸುತ್ತೆ, ಅವರು ಮಾತಾಡ್ತಾರೆ. ಜನ ಅಳ್ತಾರೆ.”

“ಅದು ತಾನೇ ಗುರುತಿಸಲ್ಲ ಸರ್. ಮೌಸ್ ಅನ್ನುತ್ತೆ. ಅದಕ್ಕೇ ನನ್ನ ಪುಟ ಬೇಕು ಅಂತಿರೋದು.”

“ಎಂಟನೇದು ಅನ್ನುತ್ತಿತ್ತು. ಒಂಬತ್ತನೇದು ಅನ್ನಲ್ಲ.” ಅವರು ಎದ್ದರು. ಕೂತೇ ಇದ್ದ ಏಳು ಜನರ ತಲೆಗಳು ಆಡಿದವು, ಬಾಗಿಲು ತಾನೇ ತೆರೆಯಿತು. ಪುಟವನ್ನು ತೆಗೆಯುವ ಕೆಲಸವನ್ನು ಅದರ ಬಗ್ಗೆ ಚೆನ್ನಾಗಿ ಬಲ್ಲವರೇ ಮಾಡಬೇಕೆಂದು ತೀರ್ಮಾನವಾದ್ದರಿಂದ ಅದೂ ಅಕ್ಕನ ಪಾಲಿಗೇ ಬಂತು. ಅವಳು ಮಾರನೆಯ ದಿನ ಮಧ್ಯಾಹ್ನದ ಊಟಕ್ಕೆ ಮೊದಲು ತೆಗೆದು ಮುಗಿಸಿದಳು. ಒಂದು ಸಾಲನ್ನೂ ಕದ್ದು ಉಳಿಸಲಿಲ್ಲ. ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವುದು ಅವಳ ದುರಭ್ಯಾಸ.

ಮನೆಯಲ್ಲಿ ವಿಷಯ ತಿಳಿಸಿದಾಗ ಅತ್ತಿಗೆ ಕೇಳಿದ್ದು ಒಂದೇ. “ಹಂಗಾದ್ರೆ ಮುಂದಿನ ತಿಂಗಳು ಹೊಸದು ಬಂದ್ಮೇಲೆ ನಾನು ಎಲ್ಲಿ ಒತ್ತಬೇಕು?”

“ನೀವು ಎಲ್ಲೂ ಒತ್ತೋಕಾಗಲ್ಲ ಅತ್ತಿಗೆ. ನಾನು ಒಳಗೆ ಹೊಕ್ಕು ಏನಾದ್ರೂ ಬರೆದು ಸರಿ ಮಾಡ್ತೀನಿ.”

“ನೀನು ಇದ್ದಾಗ ಸರಿ.”  ಅತ್ತಿಗೆಯ ಕಣ್ಣು ಅಕ್ಕನ ಮಾತ್ರೆಯ ಡಬ್ಬಿಯ ಕಡೆ ಹೋಗಿ ಬಂತು. ಅಕ್ಕ ಬಸ್ಸಿನಲ್ಲಿ ಬರುವಾಗ ಯೋಚಿಸಿದ್ದೂ ಅದನ್ನೇ.

ವೇದಿಕೆಯ ಮಾತು ಹೇಳುವಾಗ ಅಣ್ಣ ಖಂಡಿತ ಒಲ್ಲೆ ಎನ್ನುತ್ತಾನೆಂದು ಅವಳು ಎಣಿಸಿದ್ದಳು. ಹೊಸದು ನಿನ್ನನ್ನು ಮೌಸ್ ಅನ್ನುತ್ತದೆ, ಐನೂರು ಜನರ ಮುಂದೆ ನಿನ್ನ ಬಾಯಿಂದ ಒಂದು ಮಾತೂ ಬರುವುದಿಲ್ಲ, ಎಲ್ಲರೂ ಅಯ್ಯೋ ಪಾಪ ಅಂತ ನೋಡುತ್ತಾರೆ ಎಂದು ಒಂದೊಂದಾಗಿ ಬಿಡಿಸಿ ಹೇಳಿದಳು. ಅಣ್ಣ ಎಲ್ಲ ಕೇಳಿಸಿಕೊಂಡು ಪೆಡಲ್ ತುಳಿಯತೊಡಗಿದ. ಎರಡು ನಿಮಿಷ ಕಳೆದ ಮೇಲೆ ಕಂಪ್ಯೂಟರ್ ಓದಿತು: “ಹೋಗೋಣ. ನನಗೇನು ಬೇರೆ ಕೆಲಸ.”

“ಅವಮಾನ ಆಗುತ್ತೆ ಅಣ್ಣ.”

ಮತ್ತೆ ಒಂದು ನಿಮಿಷ. “ಯಾರಿಗೆ.”

ಸಮಾರಂಭ ಬಾಡಿಗೆಯ ಸಭಾಂಗಣವೊಂದರಲ್ಲಿ, ಬೆಳಗ್ಗೆ ಹನ್ನೊಂದಕ್ಕೆ. ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಪರದೆ, ಅದರ ಮೇಲೆ ‘ನೀವು ಸುಮ್ಮನಿರಿ’ ಎಂಬ ಅಕ್ಷರಗಳು. ಮುಂದಿನ ಸಾಲಿನಲ್ಲಿ ಕ್ಲಿನಿಕ್ಕುಗಳ ವೈದ್ಯರು, ಲ್ಯಾಬಿನವರು, ವಾಚನಾಲಯದವರು. ಅಣ್ಣನನ್ನು ಗಾಲಿಕುರ್ಚಿಯಲ್ಲಿ ಮೇಲೆ ತಂದು ದೀಪದ ಕೆಳಗೆ ನಿಲ್ಲಿಸಿದರು. ಅತ್ತಿಗೆ ಅವನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ತಲೆ ಬಾಚಿ, ಕೊನೆಯವರೆಗೂ ಕಾಲರ್ ಸರಿ ಮಾಡುತ್ತಲೇ ಇದ್ದರು. ಅಕ್ಕ ಎರಡನೆಯ ಸಾಲಿನ ತುದಿಯಲ್ಲಿ ಕೂತಳು. 

ಸಾಹೇಬರು ತಾವೇ ಬಗ್ಗಿ ಪೆಡಲಿನ ಕೇಬಲ್ಲನ್ನು ಹೊಸ ಕಂಪ್ಯೂಟರಿಗೆ ಸಿಕ್ಕಿಸಿ ಸ್ವಿಚ್ ಹಾಕಿದರು. ಎದ್ದು ನಿಂತು ಒಂದು ಕೈಯನ್ನು ಅಣ್ಣನ ಭುಜದ ಮೇಲಿಟ್ಟು ಭಾಷಣ ಶುರುಮಾಡಿದರು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಸಂದೇಶ ಮೂಡಿತು: ‘ಹೊಸ ಮೌಸ್ ಸಿಕ್ಕಿದೆ. ಬಳಕೆಗೆ ಸಿದ್ಧ.’ ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಗುರುತಿಸಿತಲ್ಲ, ಸಾಕು; ಏನೆಂದು ಗುರುತಿಸಿತು ಎಂದು ಓದುವ ವ್ಯವಧಾನ ಸಮಾರಂಭಗಳಲ್ಲಿ ಯಾರಿಗಿರುತ್ತದೆ.

“ಮಾತಾಡಿ ಹಿರಿಯರೇ,” ಎಂದರು ಸಾಹೇಬರು.

ಅಣ್ಣ ಪೆಡಲ್ ಒತ್ತಿದ. ಬಾಣದ ಗುರುತು ಎಡಗಡೆಗೆ ಹಾರಿ ‘ನೀವು ಸುಮ್ಮನಿರಿ’ಯನ್ನು ಮುಚ್ಚಿತು. ಇನ್ನೊಮ್ಮೆ ಒತ್ತಿದ. ಗುರುತು ಮೇಲಕ್ಕೆ ನೆಗೆದು ಸಾಹೇಬರ ನಗುಮುಖದ ಚಿತ್ರವನ್ನು ತಲೆಕೆಳಗು ಮಾಡಿತು. ಅಕ್ಕ ಕಣ್ಣು ಮುಚ್ಚಿಕೊಂಡಳು. ತೆರೆದು ನೋಡಿದರೆ ಅಣ್ಣನ ಬಾಯಿಯ ಎಡ ತುದಿ ಮೇಲಕ್ಕೆ ಹೋಗಿತ್ತು. ಎಂಟು ವರ್ಷದಿಂದ ಅವನು ನಗುತ್ತಿದ್ದುದು ಅಷ್ಟರಲ್ಲೇ. ಅವನು ಈಗ ಅಕ್ಷರಗಳ ಗೊಡವೆ ಬಿಟ್ಟು, ಬರೀ ಖುಷಿಗೆ, ಹೊಲಿಗೆಯವನ ಹಾಗೆ ಪೆಡಲ್ ತುಳಿಯುತ್ತಿದ್ದ.

ನಾಲ್ಕೋ ಐದೋ ತುಳಿತಕ್ಕೆ ಒಂದು ಕಡತ ತೆರೆದುಕೊಂಡಿತು. ಅದು ಸಾಹೇಬರ ಭಾಷಣ. ಗೋಡೆಯಷ್ಟು ದೊಡ್ಡ ಅಕ್ಷರಗಳಲ್ಲಿ ಐನೂರು ಜನ ಓದಿಕೊಂಡರು: ‘ಇಲ್ಲಿ ರೋಗಿಯ ಭುಜದ ಮೇಲೆ ಕೈ ಇಡುವುದು. ಎರಡು ಕ್ಷಣ ಮೌನ. ನಂತರ ಗಂಟಲು ಕಟ್ಟಿದಂತೆ ಮಾತು ಮುಂದುವರಿಸುವುದು.’

ಕೈ ಭುಜದ ಮೇಲೆಯೇ ಇತ್ತು. ಮೌನವೂ ಎರಡು ಕ್ಷಣಕ್ಕಿಂತ ಹೆಚ್ಚೇ ಆಯಿತು. ಸಾಹೇಬರ ಗಂಟಲು ನಿಜವಾಗಿ ಕಟ್ಟಿದ್ದು ಆ ಇಡೀ ಕಾರ್ಯಕ್ರಮದಲ್ಲಿ ಅದೊಂದೇ ಸಲ.

“ಮೇಡಂ, ಸ್ವಲ್ಪ ಮೇಲೆ ಬರ್ತೀರಾ?” ಎಂದರು ಅವರು. ಅಕ್ಕ ವೇದಿಕೆ ಹತ್ತಿದಳು. ಸಾಹೇಬರು ದನಿ ತಗ್ಗಿಸಿ ಕೇಳಿದರು, ಆದರೆ ಮೈಕು ಅವರ ಅಂಗಿಗೇ ಸಿಕ್ಕಿಸಿತ್ತು.

“ಏನಾಗ್ತಿದೆ ಇದು?”

“ಅದು ಮೌಸ್ ಅಂದ್ಕೊಂಡಿದೆ ಸರ್. ಅಲ್ಲ ಅಂತ ಯಾರಾದ್ರೂ ಹೇಳಬೇಕು.”

“ಹೇಳಿ ಮತ್ತೆ.”

“ಎಲ್ಲಿ ಹೇಳ್ಲಿ? ಹೇಳೋ ಜಾಗ ಇತ್ತು. ನೀವು ಬೇಡ ಅಂದ್ರಿ, ನಾನು ತೆಗೆದೆ.”

ಮುಂದಿನ ಸಾಲಿನಲ್ಲಿ ಲ್ಯಾಬಿನ ವಯಸ್ಸಾದ ಹೆಂಗಸೊಬ್ಬಳು ಎದ್ದು ನಿಂತಳು. “ನಮ್ಮ ರಕ್ತ ನೋಡೋ ಯಂತ್ರಾನೂ ಹಿಂಗೇ ಕುಣಿಯುತ್ತಾ? ನಾವು ಆ ಪುಟದಲ್ಲೇ ಸರಿ ಮಾಡ್ಕೊಳ್ತಿರೋದು. ಅದು ಇಲ್ಲ ಅಂದ್ರೆ ನಿಮ್ಮ ಒಂಬತ್ತು ನಮಗೆ ಬೇಡ, ಎಂಟೇ ಇರ್ಲಿ.” ಅವಳ ಹಿಂದೆ ಇನ್ನೊಬ್ಬರು ಎದ್ದರು, ಅವರ ಹಿಂದೆ ಮತ್ತೊಬ್ಬರು. ನೂರಕ್ಕೆ ಎರಡು ಎಂದು ಸಾಹೇಬರು ಹೇಳಿದ್ದ ಜನ ಎಲ್ಲ ಒಂದೇ ಹೊತ್ತಿಗೆ ಒಂದೇ ಕೋಣೆಗೆ ಬಂದಂತಿತ್ತು. ಹಾಗೆ ಬರುವಂತೆ ಅವರನ್ನು ಆಹ್ವಾನಿಸಿ ಪತ್ರ ಬರೆದವರೂ ಸಾಹೇಬರೇ. ಅಣ್ಣ ಆ ಗದ್ದಲದಲ್ಲೂ ಬಿಡದೆ ತುಳಿಯುತ್ತಿದ್ದ. ಕೊನೆಗೆ ಅತ್ತಿಗೆ ಬಂದು ಅವನ ಕಾಲನ್ನು ಎತ್ತಿ ಪಕ್ಕಕ್ಕಿಟ್ಟರು.

ಮನೆಗೆ ವಾಪಸು ಬಂದು, ಇನ್ನೂ ಎಂಟನೆಯ ಆವೃತ್ತಿಯೇ ಇದ್ದ ತನ್ನ ಕಂಪ್ಯೂಟರಿನ ಮುಂದೆ ಅಣ್ಣ ಪೆಡಲ್ ತುಳಿಯತೊಡಗಿದ.  ಒಂದು ನಿಮಿಷ ತುಳಿದು ಅವನು ಕೇಳಿದ್ದು, ಮತ್ತೆ ಯಾವಾಗ ಎಂದು. ಅಕ್ಕನಿಗೆ ನಗು ಬರಲಿಲ್ಲ. ಅವನು ಅವಮಾನಪಡಲಿಲ್ಲ ಎಂಬ ಸಮಾಧಾನವೇನೋ ಇತ್ತು, ಆದರೆ ಹೊಸ ಆವೃತ್ತಿಗೆ ಪುಟ ಇನ್ನೂ ವಾಪಸು ಬಂದಿರಲಿಲ್ಲ.

ಮೂರು ದಿನ ಗಾಜಿನ ಕೋಣೆಯಿಂದ ಯಾವ ಸುದ್ದಿಯೂ ಇಲ್ಲ. ನಾಲ್ಕನೆಯ ದಿನ ಸಾಹೇಬರು ತಾವಾಗಿ ಕಿಟಕಿಯ ಪಕ್ಕದ ಮೇಜಿಗೆ ಬಂದು ನಿಂತರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ.

“ಮೇಡಂ, ನನಗೊಂದು ಹೊಸ ವಿಚಾರ ಬಂದಿದೆ,” ಎಂದರು. “ಎಲ್ಲ ತಾನೇ ಆಗುತ್ತೆ, ಸರಿ. ಅದರ ಜೊತೆಗೆ, ಬೇಕಾದ್ರೆ ಬಳಸೋರೂ ಹೇಳೋ ಹಾಗೆ ಒಂದು ಪುಟ ಇದ್ರೆ ಹೇಗೆ?”

“ತುಂಬಾ ಹೊಸ ವಿಚಾರ ಸರ್,” ಎಂದಳು ಅಕ್ಕ. “ನಿಮಗೆ ಹೆಂಗೆ ಹೊಳೀತೋ.”

“ಇದಕ್ಕೆ ‘ಮಾನವ ಸ್ಪರ್ಶ’ ಅಂತ ಹೆಸರಿಡೋಣ. ಎಷ್ಟು ದಿನ ಬೇಕು?”

ಇವರ ಕಸುಬಿನಲ್ಲಿ ತೆಗೆದದ್ದು ಯಾವುದೂ ನಿಜವಾಗಿ ಹೋಗುವುದಿಲ್ಲ. ಹಳೆಯ ಆವೃತ್ತಿಗಳೆಲ್ಲ ಸಾಲಾಗಿ ಭದ್ರವಾಗಿರುತ್ತವೆ, ಕೇಳಿದರೆ ಹಾಗೆಯೇ ಎತ್ತಿ ಕೊಡುತ್ತವೆ. ಇಪ್ಪತ್ತು ನಿಮಿಷದ ಕೆಲಸ. ಅಕ್ಕ ಎರಡು ವಾರ ಬೇಕೆಂದಳು. ಸಾಹೇಬರು ಒಂದು ವಾರಕ್ಕೆ ಇಳಿಸಿ ಗೆದ್ದೆನೆಂದುಕೊಂಡರು. ಬಟನ್ನಿನ ಮೇಲೆ ‘ಪರಿಣತರಿಗೆ ಮಾತ್ರ’ ಎಂದು ಬರೆಯಬೇಕೆಂದು ಅವರು ಪಟ್ಟು ಹಿಡಿದಾಗ ಮಾತ್ರ ಅಕ್ಕ ಕುರ್ಚಿ ತಿರುಗಿಸಿ ಅವರ ಮುಖ ನೋಡಿದಳು.

“ಹೆಸರು ನಿಮ್ಮದಿರ್ಲಿ, ವಿಚಾರ ನಿಮ್ಮದಿರ್ಲಿ. ಬಟನ್ನಿನ ಮೇಲಿನ ಅಕ್ಷರ ಮುಟ್ಟಬೇಡಿ ಸರ್. ಪರಿಣತರಿಗೆ ಅಂತ ಬರೆದ್ರೆ ನಮ್ಮತ್ತಿಗೆ ಮುಟ್ಟೋಕೆ ಹೆದರ್ತಾರೆ. ನನಗೆ ಬೇಕಾಗಿರೋದು ಅವರು ಹೆದರದೇ ಇರೋದು.”

ಸಾಹೇಬರು ಅತ್ತಿಗೆಯನ್ನು ನೆನಪಿಸಿಕೊಂಡರು. ವೇದಿಕೆಯ ಮೇಲೆ ಗಂಡನ ಕಾಲು ಎತ್ತಿಡುವಾಗ ಆಕೆ ತಮ್ಮನ್ನು ನೋಡಿದ ನೋಟವೂ ನೆನಪಾಗಿರಬೇಕು. ಆಗಲಿ ಎಂದರು. ಮುಂದಿನ ವಾರ ಎಲ್ಲರಿಗೂ ಸುತ್ತೋಲೆ ಬಂತು: ನಮ್ಮ ಮುಖ್ಯಸ್ಥರ ದೂರದೃಷ್ಟಿಯ ಫಲವಾಗಿ ಜಗತ್ತಿನಲ್ಲೇ ವಿನೂತನವಾದ ‘ಮಾನವ ಸ್ಪರ್ಶ’. ಕೆಳಗೆ ಸಹಕರಿಸಿದವರ ಹೆಸರುಗಳಲ್ಲಿ ಲೆಕ್ಕಾಧಿಕಾರಿಯದೂ ಇತ್ತು, ಅಕ್ಕನದು ಇರಲಿಲ್ಲ. ಇದ್ದಿದ್ದರೂ ಯಾರದೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಒಂಬತ್ತನೆಯ ಆವೃತ್ತಿ ಊರೂರಿನ ಕಂಪ್ಯೂಟರುಗಳಿಗೆ ಹೊರಟದ್ದು ಒಂದು ಬುಧವಾರ. ಯಾರನ್ನೂ ಕೇಳದೆ ತಾನೇ ಹೋಗಿ ಇಳಿದುಕೊಳ್ಳುವ ಹಾಗೆ ಸಾಹೇಬರು ಏರ್ಪಾಡು ಮಾಡಿದ್ದರು. ನಾಳೆ ಎಂದು ಅಕ್ಕನಿಗೆ ಹೇಳಿದ್ದರು. ಅದು ಇವತ್ತೇ ಹೋಗಿದೆ ಎಂದು ಅವಳಿಗೆ ತಿಳಿದಾಗ ಸಂಜೆ ನಾಲ್ಕು ಗಂಟೆ. ಮನೆಗೆ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, ಲಿಫ್ಟಿಗೂ ಕಾಯದೆ, ವೈದ್ಯರು ಹತ್ತಬೇಡ ಇಳಿಯಬೇಡ ಎಂದಿದ್ದ ಮೂರು ಮಹಡಿಯ ಮೆಟ್ಟಿಲನ್ನು ಇಳಿದು, ಬಸ್ಸು ಹಿಡಿದಳು. ದಾರಿಯುದ್ದಕ್ಕೂ ಅವಳ ಕಣ್ಣ ಮುಂದೆ ಇದ್ದದ್ದು ಆ ಹನ್ನೊಂದು ದಿನದ ಅಣ್ಣ. ಬಾಗಿಲ ಕಡೆ ತಿರುಗಿ, ಕಾಲು ಪೆಡಲಿನ ಮೇಲಿಟ್ಟುಕೊಂಡು, ಏನೂ ಹೇಳಲಾಗದೆ ಕೂತವನು.

ಅತ್ತಿಗೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದರು. ಅದಕ್ಕೇ ಫೋನ್ ಕೇಳಿಸಿರಲಿಲ್ಲ.

“ಅತ್ತಿಗೆ, ಹೊಸದು ಬಂತಾ?” ಅಕ್ಕನಿಗೆ ಏದುಸಿರು.

“ಬಂತು. ಮೌಸ್ ಅಂತು. ಅಲ್ಲ ಅಂದೆ.” ಅತ್ತಿಗೆ ಒಂದು ದುಪ್ಪಟಿಯನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡರು. “ಯಾಕೆ ಹಿಂಗೆ ಓಡಿ ಬಂದೆ? ಮಾತ್ರೆ ತಗೊಂಡಿದೀಯಾ?”

ಅಕ್ಕ ಒಳಗೆ ಬಂದಳು. ಅಣ್ಣ ಪರದೆಯ ಮುಂದೆ ಇದ್ದ. ಅವಳನ್ನು ಒಮ್ಮೆ ನೋಡಿ, ಪೆಡಲ್ ಒತ್ತತೊಡಗಿದ. ಅಕ್ಷರಗಳು ಬೆಳಗುತ್ತ ಹೋದವು. ಇವತ್ತಿನ ಸಾಲು ಉದ್ದವಿತ್ತು. ಅವಳು ಚೀಲವನ್ನೂ ಇಳಿಸದೆ ಬಾಗಿಲಲ್ಲೇ ನಿಂತು ಕಾದಳು. ನಾಲ್ಕು ನಿಮಿಷವಾದ ಮೇಲೆ ಕಂಪ್ಯೂಟರ್ ತನ್ನ ಏರಿಳಿತವಿಲ್ಲದ ದನಿಯಲ್ಲಿ ಓದಿತು.

“ಇನ್ನು ನೀನು ಸತ್ತರೂ ಚಿಂತೆ ಇಲ್ಲ.”

ಬಟ್ಟೆಯ ರಾಶಿ ಹಿಡಿದು ಒಳಗೆ ಬರುತ್ತಿದ್ದ ಅತ್ತಿಗೆ “ಥೂ, ನಿಮ್ಮ ಬಾಯಿಗಿಷ್ಟು” ಎಂದು ಗಂಡನನ್ನು ಬೈದರು. ಅಕ್ಕ ನಕ್ಕಳು, ನಗುತ್ತಿದ್ದಂತೆ ಅಳುವೂ ಬಂತು, ಅಳುತ್ತಲೇ ಅವನ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಆಸ್ಪತ್ರೆಯಿಂದ ಬಂದ ದಿನದಿಂದ ಅವಳನ್ನು ಕಾಡುತ್ತಿದ್ದುದು ತಾನು ಸಾಯುವ ಭಯವಲ್ಲ, ತನ್ನ ಜೊತೆ ಅಣ್ಣನ ಮಾತೂ ಹೋದೀತು ಎಂಬ ಭಯ. ಅದನ್ನು ಅವಳು ಯಾರ ಬಳಿಯೂ ಬಾಯಿಬಿಟ್ಟು ಹೇಳಿರಲಿಲ್ಲ. ಅಣ್ಣನಿಗೆ ಅದು ಇಷ್ಟು ದಿನವೂ ಗೊತ್ತಿತ್ತು.